ಮಂಚದ ಕೆಳಗಿನ ಬ್ಯಾಗು: ಬಾಣಂತನದ ಮನೆಮದ್ದನ್ನು ಆಸ್ಪತ್ರೆ ಏನು ಮಾಡಬೇಕು?

ಅಕ್ಕನಿಗೆ ಹೆರಿಗೆಯಾಗಿ ಮೂರನೇ ದಿನ. ಅವತ್ತೇ ಡಿಸ್ಚಾರ್ಜ್. ಅಮ್ಮ ಊರಿಂದ ಒಂದು ಬಟ್ಟೆ ಬ್ಯಾಗು ತಂದಿದ್ದಳು. ಅದರೊಳಗೆ ಬಜೆ, ಜಾಯಿಕಾಯಿ, ಅಂಗೈಯಗಲದ ಸಾಣೆಕಲ್ಲು, ಹರಳೆಣ್ಣೆ ಸೀಸೆ, ಜೇನುತುಪ್ಪ, ಕಾಡಿಗೆ ಡಬ್ಬಿ, ಸಾಂಬ್ರಾಣಿ, ಒಣಶುಂಠಿ ಪುಡಿ. ವಾರ್ಡಿನ ಆ ತುದಿಯಲ್ಲಿ ಸಿಸ್ಟರ್ ಕಂಡಿದ್ದೇ ತಡ, ಅಮ್ಮ ಬ್ಯಾಗನ್ನು ಕಾಲಲ್ಲೇ ಮಂಚದ ಕೆಳಗೆ ತಳ್ಳಿದಳು.

"ಬರೀ ಎದೆಹಾಲು. ಬೇರೆ ಏನೂ ಕೊಡಬೇಡಿ, ಗೊತ್ತಾಯ್ತಾ?" ಅಂದರು ಸಿಸ್ಟರ್.

"ಅಯ್ಯೋ, ಇಲ್ಲ ಬಿಡಿ ಸಿಸ್ಟರ್" ಅಂದಳು ಅಮ್ಮ.

ಸಹಿ ಆಯಿತು, ಆಟೋ ಬಂತು. ಅವತ್ತು ಸಂಜೆಯೇ ಬಜೆ ತೇಯ್ದಾಯಿತು. ಮಗುವಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ. ಆದರೆ ಏನೂ ಆಗಲಿಲ್ಲ ಅನ್ನೋದೇ ಅಮ್ಮನಿಗೆ ಪುರಾವೆ. "ನಿಮಗೆಲ್ಲ ಹಾಕಿ ಬೆಳೆಸಿಲ್ವಾ? ನಿಮಗೇನಾಯ್ತು?" ಈ ವಾದಕ್ಕೆ ಉತ್ತರ ಕೊಡೋದು ಕಷ್ಟ. ಏನಾದರೂ ಆದ ಮಕ್ಕಳು ಬಂದು ಎದುರು ವಾದ ಹೂಡೋದಿಲ್ಲವಲ್ಲ.

ನರ್ಸಿಂಗ್ ಓದುವವರ ಪಾಠದಲ್ಲಿ 'ಪೂರಕ ಮತ್ತು ಪರ್ಯಾಯ ಚಿಕಿತ್ಸೆಗಳ ಅಳವಡಿಕೆ' ಅಂತ ಒಂದು ಉದ್ದನೆಯ ಮಾತು ಬರುತ್ತದೆ. ಕೇಳಿದರೆ ಆಸ್ಪತ್ರೆಯಲ್ಲಿ ಯೋಗದ ಕೋಣೆಯೋ ಆಯುಷ್ ಬೋರ್ಡೋ ಕಣ್ಣಿಗೆ ಬರುತ್ತದೆ. ನನ್ನ ಲೆಕ್ಕದಲ್ಲಿ ಅದರ ಅರ್ಥ ತುಂಬಾ ಸರಳ. ಮಂಚದ ಕೆಳಗಿನ ಆ ಬ್ಯಾಗು ಮೇಜಿನ ಮೇಲೆ ಬರಬೇಕು. ಸಿಸ್ಟರ್ ಅದನ್ನು ಬಿಚ್ಚಿ ನೋಡಿ, ಯಾವುದು ಇರಲಿ, ಯಾವುದು ಬೇಡ ಅಂತ ಹೇಳಬೇಕು.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಬಸುರಿನ ಮೊದಲ ತಿಂಗಳುಗಳಲ್ಲಿ ವಾಂತಿ ಜಾಸ್ತಿ ಅಂತ ಒಬ್ಬಾಕೆ ಶುಂಠಿ ತಗೊಳ್ಳುತ್ತಾಳೆ, ತಪಾಸಣೆಗೂ ಸರಿಯಾಗಿ ಬರುತ್ತಾಳೆ. ಇದು ಪೂರಕ. ವೈದ್ಯದ ಜೊತೆಗೆ ಇನ್ನೊಂದು. ಎಂಟನೇ ತಿಂಗಳಲ್ಲಿ ಇನ್ನೊಬ್ಬಾಕೆಗೆ ಬಿಪಿ ಏರುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ. ಮನೆಯವರು ಪಿತ್ತ ಅಂತ ಕಷಾಯ ಕೊಟ್ಟು ಮಲಗಿಸುತ್ತಾರೆ. ಇದು ಪರ್ಯಾಯ. ವೈದ್ಯದ ಬದಲಿಗೆ ಇನ್ನೊಂದು. ಆ ಹೊತ್ತಿನಲ್ಲಿ ಆಕೆಗೆ ಬೇಕಿರುವುದು ಬಿಪಿ ಔಷಧ ಮತ್ತು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಈ ಇಂಜೆಕ್ಷನ್ ಇಂಥ ಬಿಪಿಯಿಂದ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕೂ ಕೆಳಗೆ ಇಳಿಸಿತು. ಯಾವ ಕಷಾಯಕ್ಕೂ ಆ ಶಕ್ತಿ ಇಲ್ಲ. ಶುಂಠಿ, ಕಷಾಯ ಎರಡೂ ಬಂದದ್ದು ಒಂದೇ ಅಡುಗೆಮನೆಯಿಂದ. ವಸ್ತು ಯಾವುದು ಅನ್ನೋದಕ್ಕಿಂತ, ಅದು ಯಾವುದರ ಜಾಗದಲ್ಲಿ ಬಂದು ಕೂತಿದೆ ಅನ್ನೋದನ್ನೇ ನರ್ಸ್ ಮೊದಲು ನೋಡಬೇಕು.

ನಮ್ಮ ರಾಜ್ಯದಲ್ಲಿ ಈ ಮಾತು ಈಗ ಯಾಕೆ ಮುಖ್ಯ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೆ ಬಾಣಂತನ ನಡೆಯೋದು ಮನೆಯಲ್ಲಿ. ಹೆರಿಗೆಗೆ ಎರಡು ಮೂರು ದಿನ ಆಸ್ಪತ್ರೆ, ಆಮೇಲೆ ತಿಂಗಳುಗಟ್ಟಲೆ ಅಜ್ಜಿಯ ರಾಜ್ಯ. ಈ ಎರಡು ರಾಜ್ಯಗಳ ನಡುವೆ ಮಾತುಕತೆಯೇ ಇಲ್ಲ.

ಮೊದಲು ಆ ಮಾತುಕತೆ ಒಬ್ಬರ ತಲೆಯೊಳಗೇ ನಡೆಯುತ್ತಿತ್ತು. ಸೂಲಗಿತ್ತಿಯ ತಲೆಯೊಳಗೆ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ಎಲ್ಲರಿಗೂ ಗೊತ್ತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅನ್ನುತ್ತಾರೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ ಅಂತ ಹೇಳುತ್ತಿದ್ದರು ಅನ್ನೋದನ್ನು ಜನ ಪವಾಡದ ಹಾಗೆ ಹೇಳುತ್ತಾರೆ. ಅದು ಪವಾಡವಲ್ಲ. ಪ್ರತಿ ನರ್ಸಿಂಗ್ ವಿದ್ಯಾರ್ಥಿನಿಗೂ ಹೊಟ್ಟೆಯ ಮೇಲೆ ನಾಲ್ಕು ಬಗೆಯಲ್ಲಿ ಕೈಯಿಟ್ಟು ಮಗುವಿನ ತಲೆ, ಬೆನ್ನು, ಕೈಕಾಲು ಗುರುತಿಸುವುದನ್ನು ಕಲಿಸುತ್ತಾರೆ. ಒಬ್ಬರು ಶಾಲೆಯಲ್ಲಿ ಕಲಿತರು, ಇನ್ನೊಬ್ಬರು ಅಜ್ಜಿಯಿಂದ ಕಲಿತರು, ಅಷ್ಟೇ.

ಈಗ ಹೆರಿಗೆ ಕೋಣೆಗೆ ಬನ್ನಿ. ಇಲ್ಲೊಂದು ತಮಾಷೆ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ನೋವಿನ ಸಮಯದ ಆರೈಕೆಗೆ ಶಿಫಾರಸುಗಳನ್ನು ಕೊಟ್ಟಿತು. ಹೆಂಗಸಿಗೆ ಬೇಕಾದವರೊಬ್ಬರು ಕೊನೆತನಕ ಜೊತೆಗಿರಲಿ. ನಡೆದಾಡಲಿ, ಕೂರಲಿ, ಆಕೆಗೆ ಹಿತವಾದ ಭಂಗಿಯಲ್ಲಿರಲಿ. ಅಪಾಯದ ಲಕ್ಷಣ ಇಲ್ಲದಿದ್ದರೆ ನೀರು, ಊಟ ಕೊಡಿ. ಬಯಸಿದರೆ ಸೊಂಟಕ್ಕೆ ಮಸಾಜ್, ಬಿಸಿ ಕಾವು ಕೊಡಿ, ನಿಧಾನವಾಗಿ ಉಸಿರಾಡುವುದನ್ನು ಹೇಳಿಕೊಡಿ. ಇದನ್ನು ಓದಿದರೆ ಯಾರ ನೆನಪಾಗುತ್ತದೆ? ಗಂಜಿ ಕುಡಿಸಿ, ನಡೆಸಾಡಿಸಿ, ಬೆನ್ನು ನೀವುತ್ತಾ ಪಕ್ಕದಲ್ಲೇ ಕೂರುತ್ತಿದ್ದ ಸೂಲಗಿತ್ತಿಯದೇ ಅಲ್ವಾ?

ಅದೇ ಶಿಫಾರಸು ಬೇಡ ಅನ್ನುವ ಪಟ್ಟಿಯನ್ನೂ ನೋಡಿ. ಕೂದಲು ಬೋಳಿಸೋದು, ಎನಿಮಾ ಕೊಡೋದು, ಎಲ್ಲರಿಗೂ ಕಣ್ಣುಮುಚ್ಚಿ ಯೋನಿದ್ವಾರ ಕತ್ತರಿಸೋದು, ಮಗು ಬೇಗ ಬರಲಿ ಅಂತ ಹೊಟ್ಟೆಯ ಮೇಲ್ಭಾಗವನ್ನು ಅದುಮೋದು. ಇವು ಸೂಲಗಿತ್ತಿಯ ಗುಡಿಸಲಿನಿಂದ ಬಂದದ್ದಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ಹಿಂದಿನವರು ಮಾಡುತ್ತಿದ್ದರು ಅಂತ ಮುಂದಿನವರು ಮಾಡಿಕೊಂಡು ಬಂದದ್ದು. ಅದೂ ಒಂದು ಸಂಪ್ರದಾಯವೇ, ಬಿಳಿ ಕೋಟು ಹಾಕಿಕೊಂಡಿದೆ ಅಷ್ಟೇ. ಅಜ್ಜಿಯ ಬ್ಯಾಗಿಗೆ ಜರಡಿ ಹಿಡಿಯುವವರು ಹೆರಿಗೆ ಕೋಣೆಗೂ ಅದೇ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ಅಜ್ಜಿಯರು ನಂಬುವುದಿಲ್ಲ, ನಂಬಲೂಬಾರದು.

ಜೊತೆಗೊಬ್ಬರು ಇರುವುದರ ಬಗ್ಗೆ ಗಟ್ಟಿ ಲೆಕ್ಕವೇ ಇದೆ. 15,000ಕ್ಕೂ ಹೆಚ್ಚು ಹೆಂಗಸರು ಭಾಗವಹಿಸಿದ್ದ ಪ್ರಯೋಗಗಳನ್ನು 2017ರಲ್ಲಿ ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಬಳಗದ ವಿಮರ್ಶೆ ಒಟ್ಟುಗೂಡಿಸಿ ನೋಡಿತು. (ನರಸಮ್ಮನವರ ಲೆಕ್ಕವೂ 15,000. ಕಾಕತಾಳೀಯ, ಆದರೂ ಖುಷಿಯಾಗುತ್ತದೆ.) ಬಿಡದೆ ಒಬ್ಬರು ಜೊತೆಗಿದ್ದವರಿಗೆ ಸಹಜ ಹೆರಿಗೆ ಜಾಸ್ತಿ, ಸಿಸೇರಿಯನ್ ಕಡಿಮೆ, ನೋವಿನ ಔಷಧವೂ ಕಡಿಮೆ ಸಾಕಾಯಿತು. ಮಲಗಿಸಿಯೇ ಇಡದೆ ಎದ್ದು ಓಡಾಡಲು ಬಿಟ್ಟರೆ ಹೆರಿಗೆಯ ಮೊದಲ ಹಂತದಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಸಮಯ ಕಡಿಮೆಯಾಗುತ್ತದೆ ಅಂತ 2013ರ ಇನ್ನೊಂದು ಕೊಕ್ರೇನ್ ವಿಮರ್ಶೆ ಹೇಳಿತು. ಇದಕ್ಕೆ ಯಂತ್ರ ಬೇಡ, ಔಷಧ ಬೇಡ. ಬೇಕಾದದ್ದು ಒಂದು ಜೋಡಿ ಕೈ ಮತ್ತು ಪುರಸೊತ್ತು. ಹತ್ತು ಮಂಚಕ್ಕೆ ಒಬ್ಬರೇ ಸಿಸ್ಟರ್ ಇರುವ ವಾರ್ಡಿನಲ್ಲಿ ಪುರಸೊತ್ತೇ ಎಲ್ಲಕ್ಕಿಂತ ದುಬಾರಿ ಔಷಧ.

ಹಾಗಂತ ಹಳೆಯದೆಲ್ಲ ಚಿನ್ನ ಅಂದುಕೊಳ್ಳೋದೂ ಬೇಡ. ಹೊಕ್ಕುಳಬಳ್ಳಿಯನ್ನೇ ನೋಡಿ. ಎಷ್ಟೋ ಕಡೆ ಸೂಲಗಿತ್ತಿಯರು ಮಾಸು ಬೀಳುವವರೆಗೂ ಬಳ್ಳಿ ಕತ್ತರಿಸುತ್ತಿರಲಿಲ್ಲ. ಆಸ್ಪತ್ರೆಗಳು ಮಗು ಬಂದ ತಕ್ಷಣ ಕತ್ತರಿಸುತ್ತಿದ್ದವು. ಈಗ ವಿಶ್ವ ಆರೋಗ್ಯ ಸಂಸ್ಥೆ ಒಂದು ನಿಮಿಷಕ್ಕೆ ಮುಂಚೆ ಕತ್ತರಿಸಬೇಡಿ ಅನ್ನುತ್ತದೆ. ಆ ಒಂದೆರಡು ನಿಮಿಷದಲ್ಲಿ ಮಾಸಿನಿಂದ ಮಗುವಿಗೆ ಇನ್ನಷ್ಟು ರಕ್ತ ಹರಿಯುತ್ತದೆ, ಮುಂದೆ ರಕ್ತಹೀನತೆ ಕಡಿಮೆಯಾಗುತ್ತದೆ. ಇಲ್ಲಿ ಗೆದ್ದದ್ದು ಸೂಲಗಿತ್ತಿ.

ಆದರೆ ಅದೇ ಬಳ್ಳಿಯನ್ನು ಕುಡುಗೋಲಿನಲ್ಲೋ ಬಿದಿರಿನ ಚೂರಿನಲ್ಲೋ ಕತ್ತರಿಸಿ, ಮೇಲೆ ಬೂದಿ ಅಥವಾ ಸಗಣಿ ಹಚ್ಚಿದರೆ? ಧನುರ್ವಾಯುವಿನ ಬೀಜಾಣುಗಳು ಇರೋದೇ ಮಣ್ಣು, ಸಗಣಿಯಲ್ಲಿ. ಅವು ಗಾಳಿಯಾಡದ ಗಾಯದಲ್ಲಿ ಮೊಳೆತು ವಿಷ ಬಿಡುತ್ತವೆ. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಒಂದು ವಾರದ ಹೊತ್ತಿಗೆ ಬಾಯಿ ತೆರೆಯಲಾಗದೆ, ಮೈ ಬಿಲ್ಲಿನಂತೆ ಬಾಗಿ ಸಾಯುತ್ತದೆ. ಎಂಟನೇ ದಿನದ ರೋಗ ಅಂತಲೇ ಅದಕ್ಕೆ ಹೆಸರಿತ್ತು. ತಾಯಂದಿರಿಗೆ ಟಿಟಿ ಇಂಜೆಕ್ಷನ್, ಶುಚಿಯಾದ ಕೈ, ಜಾಗ, ಬ್ಲೇಡು, ದಾರ, ಏನೂ ಹಚ್ಚದ ಹೊಕ್ಕುಳು. ಇಷ್ಟನ್ನು ವರ್ಷಗಟ್ಟಲೆ ಹೇಳಿ ಹೇಳಿ, 2015ರಲ್ಲಿ ಭಾರತ ಇದನ್ನು ನಿವಾರಣೆಯ ಮಟ್ಟಕ್ಕೆ ತಂದಿತು. ಅಂದರೆ ಪ್ರತಿ ಜಿಲ್ಲೆಯಲ್ಲೂ ಜೀವಂತವಾಗಿ ಹುಟ್ಟಿದ ಸಾವಿರ ಮಕ್ಕಳಿಗೆ ಒಂದಕ್ಕಿಂತ ಕಡಿಮೆ ಪ್ರಕರಣ.

ಈ ಹೊಕ್ಕುಳಿನ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದದ್ದು 2022ರ ಒಂದು ಶಿಫಾರಸು. ಹೊಕ್ಕುಳನ್ನು ಸ್ವಚ್ಛವಾಗಿ, ಒಣಗಿದಂತೆ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧ ಹಚ್ಚುವುದು, ಸಗಣಿಯಂಥ ಅಪಾಯದ ವಸ್ತು ಹಚ್ಚುವ ರೂಢಿ ಇರುವ ಕಡೆ ಮಾತ್ರ. ಅಂದರೆ ನರ್ಸ್ ಯಾವ ಸಲಹೆ ಕೊಡಬೇಕು ಅನ್ನೋದು ಅಜ್ಜಿ ಮನೆಯಲ್ಲಿ ಏನು ಹಚ್ಚುತ್ತಾಳೆ ಅನ್ನೋದರ ಮೇಲೆ ನಿಂತಿದೆ. ಕೇಳದೆ ಗೊತ್ತಾಗುವುದು ಹೇಗೆ?

ಸರಿ, ಅಮ್ಮನ ಬ್ಯಾಗಿಗೆ ವಾಪಸ್ ಬರೋಣ.

ಜೇನುತುಪ್ಪ ಮೊದಲು ಹೊರಗೆ. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ನೆಕ್ಕಿಸೋದು ಎಷ್ಟೋ ಮನೆಗಳಲ್ಲಿ ಶಾಸ್ತ್ರ. ಜೇನಿನಲ್ಲಿ ಬಾಟ್ಯುಲಿಸಂ ರೋಗದ ಬೀಜಾಣು ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ, ಎಳೆ ಕರುಳು ತಡೆಯುವುದಿಲ್ಲ. ಮಲಬದ್ಧತೆಯಿಂದ ಶುರುವಾಗಿ ಅಳು ಕ್ಷೀಣಿಸಿ, ಮೈ ಸೋತು, ಉಸಿರಿಗೇ ಕುತ್ತು ಬರಬಹುದು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಬಜೆ, ಜಾಯಿಕಾಯಿ. ಎಷ್ಟು ಕೊಡಬೇಕು ಅಂತ ಕೇಳಿದರೆ ಅಮ್ಮ ಗ್ರಾಂನಲ್ಲಿ ಹೇಳುವುದಿಲ್ಲ, ಸುತ್ತಿನಲ್ಲಿ ಹೇಳುತ್ತಾಳೆ. "ಬಜೆ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು." ಸಾಣೆಕಲ್ಲಿನ ಮೇಲೆ ತಾಯಿಹಾಲು ಬಿಟ್ಟು ಅಷ್ಟು ಸಲ ತಿರುಗಿಸಿ ತೇಯೋದು. ಅವಳ ಮಟ್ಟಿಗೆ ಅದು ಅಳತೆಯೇ. ಆದರೆ ಕೈ ಒತ್ತಿದರೆ ಒಂದು ಸುತ್ತಿಗೆ ಎರಡರಷ್ಟು ಬರುತ್ತದೆ. ಜಾಯಿಕಾಯಿ ಜಾಸ್ತಿಯಾದರೆ ಮಂಪರು. ಮಗು ಚೆನ್ನಾಗಿ ನಿದ್ದೆ ಮಾಡ್ತಿದೆ ಅಂತ ಮನೆಯವರು ಸಂತೋಷಪಡುವಾಗ ಅದು ಹಾಲು ಕುಡಿಯುವುದನ್ನೇ ತಪ್ಪಿಸಿಕೊಂಡಿರಬಹುದು. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ರಾಸಾಯನಿಕ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್ ತಂದಿದೆ. ಮೇಲಾಗಿ ಕಲ್ಲು ತೊಳೆದ ನೀರು ಯಾವುದು, ಕೊಂಬು ಇಟ್ಟಿದ್ದ ಡಬ್ಬಿ ಎಂಥದ್ದು? ಆರು ತಿಂಗಳು ಬರೀ ಎದೆಹಾಲು ಅನ್ನುವ ಮಾತಿನ ಹಿಂದೆ ಇಷ್ಟೆಲ್ಲ ಇದೆ. ಸಿಸ್ಟರ್ ಬರೀ ವಾಕ್ಯ ಹೇಳಿದರು, ಕಾರಣ ಹೇಳಲಿಲ್ಲ.

ಎಣ್ಣೆ ಇರಲಿ. ಆರೋಗ್ಯವಾಗಿರುವ, ದಿನ ತುಂಬಿದ ಮಗುವಿಗೆ ಮೃದುವಾಗಿ ಮೈ ನೀವಿದರೆ ಒಳ್ಳೆಯದಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ಆದರೆ ಮೂಗಿಗೆ, ಕಿವಿಗೆ ಎಣ್ಣೆ ಬಿಡುವ ಹಾಗಿಲ್ಲ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದರೆ ಬೇಗ ವಾಸಿಯಾಗದ ನ್ಯುಮೋನಿಯಾ ಬರುತ್ತದೆ. ಊದಿಕೊಂಡಿದೆ ಅಂತ ಮಗುವಿನ ಎದೆ ಹಿಂಡೋದೂ ಬೇಡ, ಅದು ತಾಯಿಯ ಹಾರ್ಮೋನಿನಿಂದ ಬಂದದ್ದು, ತಾನಾಗಿ ಇಳಿಯುತ್ತದೆ. ಮೊದಲ ಸ್ನಾನ 24 ಗಂಟೆ ಕಳೆದ ಮೇಲೆ. ಇನ್ನು ಹರಳೆಣ್ಣೆ. ತಲೆಗೆ, ಮೈಗೆ ಹಚ್ಚಿಕೊಳ್ಳಲಿ. ನೋವು ಬರಲಿ ಅಂತ ತುಂಬು ಬಸುರಿಗೆ ಕುಡಿಸಿದರೆ ಭೇದಿಯಾಗಿ ಸುಸ್ತು ಹೊಡೆಯುತ್ತದೆ, ಗರ್ಭಕೋಶ ವಿಪರೀತ ಹಿಂಡಿಕೊಳ್ಳಲೂಬಹುದು.

ಕಾಡಿಗೆಯಲ್ಲಿ ಸೀಸ ಎಂಬ ವಿಷಲೋಹ ಇರುವ ಸಾಧ್ಯತೆ ಇದೆ. ಸಾಂಬ್ರಾಣಿ ಹೊಗೆ ಎಳೆ ಶ್ವಾಸಕೋಶಕ್ಕೆ ಬೇಡ. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೆಂಡ ಇಡೋದಂತೂ ನೇರ ಅಪಾಯ, ಕೆಂಡದಿಂದ ಬರುವ ವಿಷಗಾಳಿ ಇಂಗಾಲದ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಮಗು ಬೆಚ್ಚಗಿರಬೇಕು ಅನ್ನುವ ಅಜ್ಜಿಯ ಮಾತು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೆ ತಾಯಿಯ ಎದೆಗಿಂತ ಒಳ್ಳೆಯ ಒಲೆ ಇಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ 1970ರ ದಶಕದ ಕೊನೆಯಲ್ಲಿ ಶುರುವಾದ ಕಾಂಗರೂ ಆರೈಕೆ ಇದೇ. ಬಟ್ಟೆಯಿಲ್ಲದ ಮಗುವನ್ನು ತಾಯಿಯ ಬರಿಮೈಗೆ ಆನಿಸಿ ಕಟ್ಟೋದು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೂಕ ತೀರಾ ಕಡಿಮೆ ಇದ್ದ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಸಾವು ಶೇಕಡಾ 25ರಷ್ಟು ಇಳಿಯಿತು. ಬಡತನಕ್ಕೆ ಹುಟ್ಟಿದ ಉಪಾಯ ಈಗ ಮುಖ್ಯವಾಹಿನಿಯ ವೈದ್ಯ.

ಶುಂಠಿ ಗೆದ್ದಿತು. ಬಸುರಿನ ಮೊದಲ ತಿಂಗಳುಗಳ ವಾಕರಿಕೆಗೆ ಶುಂಠಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2016ರಲ್ಲಿ ಸೂಚಿಸಿದೆ. ಬಾಣಂತಿಯ ಊಟದಲ್ಲೂ ಶುಂಠಿ, ಮೆಣಸು, ಬೆಳ್ಳುಳ್ಳಿ ಅಡುಗೆಯ ಪ್ರಮಾಣದಲ್ಲಿ ಚೆನ್ನಾಗಿಯೇ ಇರುತ್ತದೆ. ತಕರಾರು ಇರೋದು ಏನು ಕೊಡುತ್ತಾರೆ ಅನ್ನೋದರಲ್ಲಿ ಅಲ್ಲ, ಏನು ಕೊಡುವುದಿಲ್ಲ ಅನ್ನೋದರಲ್ಲಿ. ಹೊಲಿಗೆ ನಂಜಾಗುತ್ತೆ ಅಂತ ತರಕಾರಿ ಬಂದ್, ಹೊಟ್ಟೆ ಬರುತ್ತೆ ಅಂತ ನೀರು ಬಂದ್. ಹಾಲೂಡಿಸುವ ಹೆಂಗಸಿಗೆ ನೀರು ಕಟ್ಟಿದರೆ ಮಲ ಗಟ್ಟಿಯಾಗುತ್ತದೆ, ಹೊಲಿಗೆ ನೋಯುತ್ತದೆ, ಮೂತ್ರದ ಉರಿ ಶುರುವಾಗುತ್ತದೆ. ಇಲ್ಲಿ ಜಾಣ ಸಿಸ್ಟರ್ ಒಬ್ಬರು ಜಗಳ ಆಡುವುದಿಲ್ಲ. "ತಣ್ಣೀರು ಬೇಡ ಅಜ್ಜಿ, ಸರಿ. ಜೀರಿಗೆ ಹಾಕಿ ಕಾಯಿಸಿದ ನೀರು ಫ್ಲಾಸ್ಕಲ್ಲಿಡಿ, ಮಗು ಹಾಲು ಕುಡಿದಾಗೆಲ್ಲ ಒಂದು ಲೋಟ ಕೊಡಿ" ಅನ್ನುತ್ತಾರೆ. ಬಿಸಿ ಬೇಕು ಅನ್ನುವ ಅಜ್ಜಿಯ ಮಾತೂ ಉಳಿಯಿತು, ನೀರೂ ಒಳಗೆ ಹೋಯಿತು.

ಮಾತು ಗೊತ್ತಿರುವುದೂ ಇದರ ಒಂದು ಭಾಗ. ನಮ್ಮ ಕಡೆ 'ಸನ್ನಿ' ಅನ್ನುವ ಪದ ಇದೆ. ಬಾಣಂತಿಗೆ ವಿಪರೀತ ಜ್ವರ ಬಂದು ಬಡಬಡಿಸಿದರೂ ಸನ್ನಿ, ಜ್ವರವೇ ಇಲ್ಲದೆ ನಿದ್ದೆಗೆಟ್ಟು ಏನೇನೋ ಮಾತಾಡಿದರೂ ಸನ್ನಿ. ಮೊದಲನೆಯದು ಗರ್ಭಕೋಶದ ಸೋಂಕು ರಕ್ತಕ್ಕೇರಿದ್ದಿರಬಹುದು, ಎರಡನೆಯದು ಹೆರಿಗೆಯ ನಂತರದ ಮನೋರೋಗ. ಎರಡೂ ತುರ್ತು. ಮನೆಯವರು ಫೋನಿನಲ್ಲಿ "ಸ್ವಲ್ಪ ಸನ್ನಿ ಆದಂಗೈತೆ, ಕಷಾಯ ಕೊಟ್ಟಿದ್ದೀವಿ" ಅಂದಾಗ ಆ ಪದದ ತೂಕ ಗೊತ್ತಿರುವ ಸಿಸ್ಟರ್ "ಈಗಲೇ ಕರ್ಕೊಂಡು ಬನ್ನಿ" ಅನ್ನುತ್ತಾರೆ.

ಅಂಗಡಿಯ 'ನ್ಯಾಚುರಲ್' ಸಾಮಾನಿಗೂ ಈ ಜರಡಿ ಬೇಕು. ನ್ಯೂಯಾರ್ಕ್ ನಗರದಲ್ಲಿ 2011-12ರಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ಸಿಕ್ಕಿತು. ಹುಡುಕಿದರೆ, ಅವರು ತಗೊಂಡಿದ್ದು ಭಾರತದಲ್ಲಿ ತಯಾರಾದ ಕೆಲವು ಆಯುರ್ವೇದ ಔಷಧಗಳನ್ನು. ಗಿಡಮೂಲಿಕೆಯೆಲ್ಲ ವಿಷ ಅಂತ ಅರ್ಥವಲ್ಲ. ಲೋಹದ ಭಸ್ಮ ಇರಬಹುದಾದ ಔಷಧವನ್ನು ಬಸುರಿಯರು ವೈದ್ಯರಿಗೆ ತೋರಿಸದೆ ನುಂಗಬಾರದು ಅಂತ. ಕರ್ನಾಟಕದಲ್ಲಿ, ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 100ಕ್ಕೆ ಸುಮಾರು 31 ಹೆರಿಗೆ ಸಿಸೇರಿಯನ್. ಆಪರೇಷನ್‌ಗೆ ಮುಂಚೆ ಬೇರೆ ಯಾವ ಮಾತ್ರೆ, ಲೇಹ್ಯ, ಕ್ಯಾಪ್ಸೂಲು ತಗೊಳ್ತೀರ ಅಂತ ಕೇಳೋದು ಸುಮ್ನೆ ಔಪಚಾರಿಕತೆ ಅಲ್ಲ. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಹುದು.

ಯೋಗದ ಬಗ್ಗೆ ನಮ್ಮ ಊರಿನದೇ ಅಧ್ಯಯನ ಇದೆ. ಬೆಂಗಳೂರಿನಲ್ಲಿ 335 ಬಸುರಿಯರ ಮೇಲೆ ನಡೆದು 2005ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರ ಗುಂಪಿನಲ್ಲಿ ಎರಡೂವರೆ ಕಿಲೋ ದಾಟಿದ ಮಕ್ಕಳು ಜಾಸ್ತಿ. ಆದರೆ ಯಾರು ಯಾವ ಗುಂಪಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ. ಹಾಗಾಗಿ ಭರವಸೆ ಇಡಬಹುದು, ಡಂಗುರ ಸಾರಬಾರದು.

ಇದನ್ನೆಲ್ಲ ಮಾಡುವವರು ಯಾರು? ನರ್ಸ್ ಕಷಾಯ ಬರೆದುಕೊಡಬೇಕಿಲ್ಲ, ಅದು ಆಯುಷ್ ವೈದ್ಯರ ಕೆಲಸ. ಕೇಳಿ, ಬರೆದಿಟ್ಟು, ವಿಂಗಡಿಸಿ, ಬೇಕಾದಾಗ ಕಳಿಸುವುದು ನರ್ಸಿನದು. ಭಾರತ ಸರ್ಕಾರ 2018ರಲ್ಲಿ ನರ್ಸ್‌ಗಳಿಗೆ 18 ತಿಂಗಳ ಮಿಡ್‌ವೈಫರಿ ತರಬೇತಿಯ ಮಾರ್ಗಸೂಚಿ ತಂದಿದೆ. ಸಹಜ ಹೆರಿಗೆಯನ್ನು ತಾವೇ ನೋಡಿಕೊಳ್ಳುವ ಪರಿಣತರನ್ನು ತಯಾರು ಮಾಡೋದು ಗುರಿ. ಮನೆಮದ್ದಿನ ಪ್ರಶ್ನೆಗೆ ಇವರಿಗಿಂತ ಸರಿಯಾದವರು ಸಿಗಲಿಕ್ಕಿಲ್ಲ. ತಾಯಿ ಕಾರ್ಡಿನಲ್ಲಿ ರಕ್ತ, ತೂಕ, ಬಿಪಿ ಬರೆಯುವ ಹಾಗೆ ಮನೆಯಲ್ಲಿ ಕೊಡುವುದನ್ನೂ ಒಂದು ಸಾಲು ಬರೆದರೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಎಲ್ಲಿಂದ ಮಾತು ಶುರು ಮಾಡಬೇಕು ಅಂತ ಗೊತ್ತಿರುತ್ತದೆ.

ಕೇಳುವ ರೀತಿ ಮಾತ್ರ ಮುಖ್ಯ. "ಏನಾದ್ರೂ ಕೊಟ್ರಾ?" ಅಂದರೆ ಉತ್ತರ "ಇಲ್ಲ". ಅಕ್ಕನ ಎರಡನೇ ಹೆರಿಗೆಯಲ್ಲಿ ಸಿಕ್ಕ ಸಿಸ್ಟರ್ ಬೇರೆ. ಡಿಸ್ಚಾರ್ಜ್ ಚೀಟಿ ಬರೆಯುತ್ತಾ, ತಲೆ ಎತ್ತದೆ, "ನಮ್ಮತ್ತೆಯೂ ಬಜೆ ತೇಯ್ತಿದ್ರು. ನಿಮ್ಮ ಕಡೆ ಏನೇನು ಹಾಕ್ತೀರ ಅಜ್ಜಿ?" ಅಂದರು. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಬ್ಯಾಗನ್ನು ಎಳೆದು ಮಂಚದ ಮೇಲಿಟ್ಟಳು.

ಚೌಕಾಸಿ ಹತ್ತು ನಿಮಿಷ ನಡೆಯಿತು. ಜಾಯಿಕಾಯಿ ಪಾಯಸಕ್ಕೆ. ಜೇನು ಅಕ್ಕನ ಮೊದಲ ಮಗನಿಗೆ, ಅವನಿಗೆ ಆಗ ನಾಲ್ಕು ವರ್ಷ. ಕಾಡಿಗೆ ಕಣ್ಣಿಗೆ ಬೇಡ, ದೃಷ್ಟಿಗೆ ಅಂತ ಇಡಲೇಬೇಕಿದ್ದರೆ ಅಂಗಾಲಿಗೆ ಒಂದು ಚುಕ್ಕಿ, ಅದಕ್ಕೂ ಕಾಲುಚೀಲ ಹಾಕಿ. ಸಾಂಬ್ರಾಣಿ ದೇವರ ಮುಂದೆ. ಎಣ್ಣೆ, ಶುಂಠಿ ಬ್ಯಾಗಲ್ಲೇ ಉಳಿದವು.

"ಬಜೆ ಒಂದೇ ಒಂದು ಸುತ್ತು?" ಅಂದಳು ಅಮ್ಮ.

"ಅರ್ಧ ಸುತ್ತೂ ಬೇಡ ಅಜ್ಜಿ."

ಸಾಣೆಕಲ್ಲಲ್ಲಿ ಅಮ್ಮ ಈಗ ಪೂಜೆಗೆ ಗಂಧ ತೇಯ್ತಾಳೆ.